ಸೂರ್ಯ ನೋಡುವವರ ಕೈಗೆ ಬಂದ ಟೇಪು

1996ರ ಜುಲೈ 27, ನಡುರಾತ್ರಿ ದಾಟಿತ್ತು. ಅಟ್ಲಾಂಟಾದ ಒಲಿಂಪಿಕ್ ಪಾರ್ಕಿನಲ್ಲಿ ಸಂಗೀತ ಕೇಳುತ್ತಿದ್ದ ಜನರ ನಡುವೆ ಪೈಪ್ ಬಾಂಬ್ ಸಿಡಿಯಿತು. ಅದರ ಏಟಿಗೆ ಮಹಿಳೆಯೊಬ್ಬರು ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕ್ಯಾಮ್‌ಕಾರ್ಡರ್ ಹಿಡಿದು ಬಂದಿದ್ದವರ ಟೇಪುಗಳೇನೋ ಸಿಕ್ಕವು. ಆದರೆ ಕತ್ತಲು, ಕೈನಡುಕ, ಮೇಲೆ ರವೆ ಚೆಲ್ಲಿದ ಹಾಗೆ ಚುಕ್ಕಿ. ಎಫ್‌ಬಿಐನವರು ನಾಸಾದ ನೆರವು ಕೇಳಿದರು.

ನನಗೆ ಮಜಾ ಅನಿಸೋದು ಮುಂದಿನ ಸಂಗತಿ. ಅಲಬಾಮಾದ ಮಾರ್ಷಲ್ ಕೇಂದ್ರದಲ್ಲಿ ಈ ಕೆಲಸ ಹಿಡಿದ ಡೇವಿಡ್ ಹ್ಯಾಥವೇ ಸೂರ್ಯನ ಬಗ್ಗೆ ಸಂಶೋಧನೆ ಮಾಡುವವರು. ಜೊತೆಗಿದ್ದ ಪಾಲ್ ಮೇಯರ್ ವಾತಾವರಣ ವಿಜ್ಞಾನಿ. ಇಬ್ಬರಿಗೂ ಪೊಲೀಸ್ ಕೆಲಸಕ್ಕೂ ಏನೇನೂ ಸಂಬಂಧ ಇಲ್ಲ. ಮಸುಕು ಚಿತ್ರಗಳ ಜೊತೆ ಏಗೋದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಅವರ ಉಪಾಯ ಕೇಳಿದರೆ ಇಷ್ಟೇನಾ ಅನಿಸುತ್ತೆ. ಒಂದು ಫ್ರೇಮನ್ನು ಆಧಾರವಾಗಿ ಇಟ್ಟುಕೊಳ್ಳಬೇಕು. ಉಳಿದ ಒಂದೊಂದು ಫ್ರೇಮೂ ಅದಕ್ಕಿಂತ ಎಷ್ಟು ಸರಿದಿದೆ, ಎಷ್ಟು ತಿರುಗಿದೆ, ಎಷ್ಟು ಹಿಗ್ಗಿದೆ ಕುಗ್ಗಿದೆ ಅಂತ ಲೆಕ್ಕ ಹಾಕಿ, ಅಷ್ಟನ್ನೇ ಉಲ್ಟಾ ಮಾಡಿ ಸರಿಯಾಗಿ ಕೂರಿಸಬೇಕು. ಹಾಗೆ ಕೂತ ಫ್ರೇಮುಗಳ ಸರಾಸರಿ ತೆಗೆದರೆ, ಒಂದೊಂದರಲ್ಲಿ ಒಂದೊಂದು ಕಡೆ ಕುಣಿಯುವ ಚುಕ್ಕಿಗಳು ಕರಗಿಹೋಗ್ತವೆ, ಇದ್ದಲ್ಲೇ ಇರುವ ವಸ್ತು ಎದ್ದು ಕಾಣುತ್ತೆ. ಹೀಗೆ ಬಾಂಬಿನ ಬಗ್ಗೆ ಮುಖ್ಯ ವಿವರಗಳು ಸಿಕ್ಕವು. ಮುಂದೆ ಈ ತಂತ್ರಕ್ಕೆ ‘ವಿಸಾರ್’ ಅಂತ ಹೆಸರಾಯಿತು.

ಇತ್ತ, ಬಾಂಬಿದ್ದ ಚೀಲವನ್ನು ಮೊದಲು ಗಮನಿಸಿ ಜನರನ್ನು ದೂರ ಕಳಿಸಿದ ಕಾವಲುಗಾರ ರಿಚರ್ಡ್ ಜ್ಯುವೆಲ್ ಮೇಲೇ ಅನುಮಾನ ಬಿತ್ತು. ಟಿವಿಯವರು ಅವರ ಮನೆ ಮುಂದೆ ಠಿಕಾಣಿ ಹೂಡಿದರು. ನಿರ್ದೋಷಿ ಅಂತ ಅಧಿಕೃತವಾಗಿ ಹೇಳುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು. ಬಾಂಬಿಟ್ಟ ಎರಿಕ್ ರುಡಾಲ್ಫ್ ಸಿಕ್ಕಿಬಿದ್ದಿದ್ದು 2003ರಲ್ಲಿ, ತಪ್ಪೊಪ್ಪಿಕೊಂಡಿದ್ದು 2005ರಲ್ಲಿ. ಚಿತ್ರ ಸ್ಪಷ್ಟವಾದ ಮಾತ್ರಕ್ಕೆ ಕೇಸು ಬಗೆಹರಿಯಲಿಲ್ಲ, ನೋಡಿ.

2011ರಲ್ಲಿ ಗ್ರುಂಡ್‌ಮನ್, ಕ್ವಾತ್ರಾ, ಎಸ್ಸಾ ಎಂಬ ಮೂವರು ಇನ್ನೊಂದು ದಾರಿ ತೋರಿಸಿದರು. ಚಿತ್ರವನ್ನು ಮೊಳೆ ಹೊಡೆದ ಹಾಗೆ ನಿಲ್ಲಿಸೋದಲ್ಲ. ಟ್ರೈಪಾಡ್ ಮೇಲೋ ಹಳಿ ಮೇಲೋ ಕ್ಯಾಮೆರಾ ಇದ್ದಿದ್ದರೆ ಹೇಗೆ ಸಾಗುತ್ತಿತ್ತೋ ಆ ನಯವಾದ ಹಾದಿಯನ್ನೇ ಲೆಕ್ಕ ಹಾಕೋದು. ಯೂಟ್ಯೂಬ್ ಅದನ್ನು ಬಳಸಿಕೊಂಡಿತು. ಆದರೆ ಹೀಗೆ ಸರಿಸಿದಾಗ ಅಂಚು ಖಾಲಿಯಾಗುತ್ತೆ, ಅದನ್ನು ಕತ್ತರಿಸಲೇಬೇಕು. ನಮ್ಮನೆ ಗೃಹಪ್ರವೇಶದ ವಿಡಿಯೋದಲ್ಲಿ ಅಂಚಿಗೆ ನಿಂತಿದ್ದ ಅಜ್ಜಿ ಅರ್ಧ ಹೋಗಿದ್ದು ಹಾಗೇ. ಅಲುಗಾಡುವ ಮೂಲ ಫೈಲನ್ನು ನಾನಂತೂ ಅಳಿಸಿಲ್ಲ.