ಪಾಠ ಯೋಜನೆ

ಶಿಕ್ಷಕರು ತರಗತಿಗೆ ಹೋಗುವ ಮುನ್ನ ಮಾಡಿಕೊಳ್ಳುವ ಲಿಖಿತ ಸಿದ್ಧತೆಯೇ ಪಾಠ ಯೋಜನೆ. ಕರ್ನಾಟಕದ ಶಾಲೆಗಳಲ್ಲಿ ಇದಕ್ಕೆ ಮೂರು ಹಂತಗಳಿವೆ: ವರ್ಷದ ಪಾಠಗಳನ್ನು ತಿಂಗಳುವಾರು ಹಂಚುವ ವಾರ್ಷಿಕ ಪಾಠ ಹಂಚಿಕೆ, ಒಂದು ಅಧ್ಯಾಯದ ಘಟಕ ಯೋಜನೆ, ಒಂದು ಪೀರಿಯಡ್ಡಿನ ಪಾಠ ಟಿಪ್ಪಣಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಜೂನ್ ತಿಂಗಳ ಮೊದಲ ತಲೆನೋವು ಇದೇ. ಮಗುವಿಗಾಗಿ ಬರೆಯಬೇಕೋ, ತಪಾಸಣೆಗೆ ಬರುವ ಸಾಹೇಬರಿಗಾಗಿ ಬರೆಯಬೇಕೋ ಎಂಬ ಗೊಂದಲ ಇಂದು ನಿನ್ನೆಯದಲ್ಲ.

ಹಿಂದಿನ ಕಾಲದ ಹಳ್ಳಿಶಾಲೆಗಳಾದ ಕೂಲಿಮಠಗಳ ಐಗಳಿಗೆ (ಗುರುಗಳಿಗೆ) ಈ ಗೊಂದಲ ಇರಲಿಲ್ಲ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ, 6,641 ವಿದ್ಯಾರ್ಥಿಗಳ ಲೆಕ್ಕವಿದೆ. ಅದರಲ್ಲಿ ದಿನದ ಆರಂಭದ ವರ್ಣನೆಯೂ ಇದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನ ಅಂಗೈಯಲ್ಲಿ ಸೊನ್ನೆ. ಮೂರನೆಯವನಿಗೆ ಒಂದು ಮೆಲು ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಏರುತ್ತಿತ್ತು. ಕಿರಿಯರನ್ನು ಹಿರಿಯ ಹುಡುಗರೇ ನೋಡಿಕೊಳ್ಳುತ್ತಿದ್ದರು. ಮರಳಿನ ಮೇಲೆ ಅಕ್ಷರ ತಿದ್ದಿ ಮುಗಿಸಿದವನು ಮುಂದಿನದಕ್ಕೆ ಹೋಗುತ್ತಿದ್ದ. ಮಗ್ಗಿ ಬಾಯಿಗೆ ಬಾರದವನು ಅಲ್ಲೇ ಇರುತ್ತಿದ್ದ. ಐದಾರು ಬಗೆಯ ಮಕ್ಕಳು ಒಂದೇ ಜಗುಲಿಯಲ್ಲಿ ಕೂತಿರುವಾಗ ಎಲ್ಲರಿಗೂ ಒಂದೇ ಪಾಠ ಎಂಬ ಯೋಚನೆಗೇ ಜಾಗವಿರಲಿಲ್ಲ.

ಒಂದೇ ವಯಸ್ಸಿನವರನ್ನು ಒಂದೇ ತರಗತಿಯಲ್ಲಿ ಕೂರಿಸಿ ವರ್ಷಕ್ಕೊಮ್ಮೆ ಮೇಲಕ್ಕೆ ಕಳಿಸುವ ಪದ್ಧತಿ ಬಂದ ಮೇಲೆ ಯೋಜನೆ ಅನಿವಾರ್ಯವಾಯಿತು. 17ನೇ ಶತಮಾನದಲ್ಲೇ ಮೊರಾವಿಯಾದ ಶಿಕ್ಷಣ ಚಿಂತಕ ಕೊಮೆನಿಯಸ್ ಕಲಿಕೆಯನ್ನು ವರ್ಷ, ತಿಂಗಳು, ದಿನ, ಗಂಟೆಗಳಿಗೆ ಹಂಚಬೇಕೆಂದು ವಾದಿಸಿದ್ದ. ಇಂದಿನ ಪಾಠ ಟಿಪ್ಪಣಿಯ ಮೂಲಪುರುಷ ಮಾತ್ರ ಜರ್ಮನಿಯ ತತ್ತ್ವಜ್ಞಾನಿ ಹರ್ಬಾರ್ಟ್ (1776–1841). ಹೊಸ ವಿಚಾರ ಮನಸ್ಸಿನಲ್ಲಿ ನಿಲ್ಲುವುದು ಹಳೆಯ ತಿಳಿವಳಿಕೆಗೆ ಅಂಟಿಕೊಂಡಾಗ ಎಂಬುದು ಅವನ ನಂಬಿಕೆ. ಅವನು ಹೇಳಿದ್ದು ನಾಲ್ಕು ಹಂತ. ಅವನ ನಂತರ ಅನುಯಾಯಿಗಳಾದ ಝಿಲ್ಲರ್ ಮತ್ತು ರೈನ್ ಅದನ್ನು ಐದಕ್ಕೆ ಏರಿಸಿ ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂದು ಗಟ್ಟಿಗೊಳಿಸಿದರು. ನಮ್ಮ ಬಿ.ಎಡ್. ವಿದ್ಯಾರ್ಥಿಗಳು ‘ಪೀಠಿಕೆ’ ಎಂದು ಬರೆದು, ಹಿಂದಿನ ಪಾಠದ ಮೇಲೆ ಮೂರು ಪ್ರಶ್ನೆ ಕೇಳಿ, ಆಮೇಲೆ ಕಪ್ಪುಹಲಗೆಯ ಮೇಲೆ ಶೀರ್ಷಿಕೆ ಬರೆಯುವುದು ಇದೇ ಪರಂಪರೆ. ಮಗು ಹೇಗೆ ಕಲಿಯುತ್ತದೆ ಎಂಬ ಸಿದ್ಧಾಂತವೊಂದು ಅನುಯಾಯಿಗಳ ಕೈಯಲ್ಲಿ ನಮೂನೆಯಾದದ್ದು ಹೀಗೆ.

ಭಾರತದಲ್ಲಿ ಶಿಕ್ಷಕರ ತರಬೇತಿಗೆ ಒತ್ತು ಸಿಕ್ಕಿದ್ದು ಬ್ರಿಟಿಷರ ಶಿಕ್ಷಣ ನೀತಿಪತ್ರವಾದ 1854ರ ವುಡ್ ವರದಿಯಿಂದ. ಧಾರವಾಡದ ಟ್ರೈನಿಂಗ್ ಕಾಲೇಜಿನಂಥ ಸಂಸ್ಥೆಗಳು ಆ ಬಳಿಕದವು. ಅದೇ ಕಾಲದಲ್ಲಿ ತಪಾಸಣೆಯೂ ಬಿಗಿಯಾಯಿತು: ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಇನ್ಸ್‌ಪೆಕ್ಟರರು ನಡೆಸಿದ ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗೆ ಅನುದಾನ ಕೊಡುವ ಕ್ರಮವಿತ್ತು. ದುಡ್ಡು ಪರೀಕ್ಷೆಗೆ ಕಟ್ಟುಬಿದ್ದ ಮೇಲೆ ಪಾಠವೂ ಅತ್ತಲೇ ಸರಿಯಿತು.

1956ರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಪ್ರಕಟಿಸಿದ ಕಲಿಕಾ ಉದ್ದೇಶಗಳ ವರ್ಗೀಕರಣ ಯೋಜನೆಯ ಭಾಷೆಯನ್ನೇ ಬದಲಿಸಿತು. ಶಿಕ್ಷಕ ಏನು ಹೇಳುತ್ತಾನೆ ಎಂಬುದರ ಬದಲು ಮಗು ಏನು ಮಾಡಬಲ್ಲದು ಎಂದು ಬರೆಯಬೇಕಾಯಿತು. ಮೈಸೂರಿಗೆ ಇಲ್ಲೊಂದು ಪಾಲಿದೆ. 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜಿನ ವಿದ್ವಾಂಸರು ಬ್ಲೂಮ್‌ನ ಆರು ಮಟ್ಟಗಳನ್ನು ಜ್ಞಾನ, ತಿಳಿವಳಿಕೆ, ಅನ್ವಯ, ಸೃಜನಶೀಲತೆ ಎಂಬ ನಾಲ್ಕಕ್ಕೆ ಇಳಿಸಿ, 17 ಮಾನಸಿಕ ಸಾಮರ್ಥ್ಯಗಳಲ್ಲಿ ಹೇಳಿದರು. ಇದು ಮೈಸೂರು ಕಾಲೇಜಿನ ಹೆಸರಿನಲ್ಲೇ ದೇಶದ ಬಿ.ಎಡ್. ಪುಸ್ತಕಗಳನ್ನು ಸೇರಿತು. ಈಚಿನ ಪಾಠ ಟಿಪ್ಪಣಿಗಳಲ್ಲಿ ಕಾಣುವ, ಇಂಗ್ಲಿಷಿನ ‘ಇ’ ಅಕ್ಷರದಿಂದ ಶುರುವಾಗುವ ಐದು ಹಂತಗಳ ‘ಐದು ಇ’ ಮಾದರಿ 1980ರ ದಶಕದ ಅಮೆರಿಕದ ವಿಜ್ಞಾನ ಪಠ್ಯಕ್ರಮದಿಂದ ಬಂದದ್ದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವೇ ಜ್ಞಾನ ಕಟ್ಟಿಕೊಳ್ಳುತ್ತದೆ ಎಂಬ ನಿಲುವು ತಳೆದ ಮೇಲೆ ಅದು ಇಲ್ಲಿ ಬಳಕೆಗೆ ಬಂತು.

ಇವೆಲ್ಲಕ್ಕಿಂತ ದಿಟ್ಟ ಪ್ರಯೋಗ ನಡೆದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯನ್ನು ರೂಪಿಸಿದರು. ಪಾಠವನ್ನು ಕಾರ್ಡುಗಳಾಗಿ ಒಡೆದು, ‘ಕಲಿಕಾ ಏಣಿ’ಯಲ್ಲಿ ಜೋಡಿಸಿ ಗೋಡೆಗೆ ಹಾಕಿದರು. ತನ್ನ ಮೆಟ್ಟಿಲು ಯಾವುದೆಂದು ಮಗುವೇ ನೋಡಿ ಕಾರ್ಡು ಎತ್ತಿಕೊಳ್ಳುತ್ತಿತ್ತು. ಒಬ್ಬೊಬ್ಬರಿಗೂ ಅವರದೇ ವೇಗ ಎಂಬ ಕೂಲಿಮಠದ ಕ್ರಮ, ಬೆತ್ತ ಬಿಟ್ಟು ಮರಳಿತ್ತು. 2009-10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ವಿಸ್ತರಿಸಿತು.

ಉಳಿದ ತರಗತಿಗಳಲ್ಲಿ ವಾರ್ಷಿಕ ಪಾಠ ಹಂಚಿಕೆಯೇ ಆಧಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿಯವರೆಗೆ ಕನಿಷ್ಠ 200, ಆರರಿಂದ ಎಂಟರವರೆಗೆ 220 ಶಾಲಾ ದಿನಗಳು ಬೇಕು. ಆದರೆ ಆ 220ನ್ನು ಪಾಠಗಳ ಸಂಖ್ಯೆಯಿಂದ ಭಾಗಿಸಿದ ಹೊಸ ಶಿಕ್ಷಕರು ಡಿಸೆಂಬರಿನಲ್ಲಿ ಪೇಚಿಗೆ ಸಿಲುಕುತ್ತಾರೆ. ಜೂನಿನ ಮೊದಲ ವಾರಗಳು ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಗೊಳಿಸುವ ‘ಸೇತುಬಂಧ’ಕ್ಕೆ ಹೋಗುತ್ತವೆ. ಆಮೇಲೆ ಕ್ರೀಡಾಕೂಟ, ಪ್ರತಿಭಾ ಕಾರಂಜಿ ಸ್ಪರ್ಧೆ, ರೂಪಣಾತ್ಮಕ ಹಾಗೂ ಸಂಕಲನಾತ್ಮಕ ಮೌಲ್ಯಮಾಪನ. ದಸರಾ ರಜೆಗೆ ಮುನ್ನ ಮೊದಲ ಅವಧಿಯ ಪಾಠ ಮುಗಿದಿರಬೇಕು. ಅನುಭವಿಗಳು ಮಾಡುವುದು ಬೇರೆ: ರಜೆ, ಪರೀಕ್ಷೆಗಳನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತಿಸಿ, ಉಳಿದ ಪೀರಿಯಡ್ಡು ಎಣಿಸಿ, ಭಿನ್ನರಾಶಿಯಂಥ ಕಠಿಣ ಘಟಕಕ್ಕೆ ಹೆಚ್ಚು ಕೊಟ್ಟು, ತಿಂಗಳಿಗೆ ಎರಡು ಮೂರು ಪೀರಿಯಡ್ಡು ಖಾಲಿ ಬಿಡುತ್ತಾರೆ. ಸೇತುಬಂಧದ ಪೂರ್ವ ಪರೀಕ್ಷೆಯ ಉತ್ತರಪತ್ರಿಕೆ ನೋಡದೆ ಬರೆದ ಹಂಚಿಕೆ, ಎಷ್ಟೇ ಅಂದವಾಗಿದ್ದರೂ, ಕಡತಕ್ಕೆ ಮಾತ್ರ ಸಲ್ಲುತ್ತದೆ.

ಮಾರುಕಟ್ಟೆಯಲ್ಲಿ ಸಿದ್ಧ ಪಾಠ ಯೋಜನೆಗಳು ಸಿಗುತ್ತವೆ. ಮೊಬೈಲಿನಲ್ಲಂತೂ ಪಿಡಿಎಫ್‌ಗಳ ಸುರಿಮಳೆ. ಅವನ್ನೇಕೆ ಬಳಸುತ್ತೀರಿ ಎಂದರೆ, ತಯಾರಿಗೆ ಸಮಯವೆಲ್ಲಿದೆ ಎಂಬ ಉತ್ತರ ಸಿಗುತ್ತದೆ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಿಕ್ಷಕರಿಗೆ ಗೊತ್ತುಪಡಿಸಿರುವ ವಾರದ ಕನಿಷ್ಠ 45 ಗಂಟೆಗಳಲ್ಲಿ ಪಾಠದ ತಯಾರಿಯ ಸಮಯವೂ ಸೇರಿದೆ.