ಭಾರತದ ಮೊದಲ ಅಂಚೆಚೀಟಿಗಳು

ಭಾರತದ ಮೊದಲ ಅಂಚೆಚೀಟಿಗಳು ಎಂಬುದು ೧೮೫೨ರಿಂದ ೧೮೫೫ರವರೆಗಿನ ಅವಧಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಪ್ರದೇಶಗಳಲ್ಲಿ ಬಳಕೆಗೆ ಬಂದ ಚೀಟಿಗಳನ್ನು ಸೂಚಿಸುತ್ತದೆ. ಇವುಗಳಲ್ಲಿ ಮೊದಲನೆಯದು ೧೮೫೨ರ ಜುಲೈ ೧ರಂದು ಸಿಂಧ್ ಪ್ರಾಂತದಲ್ಲಿ ಹೊರಬಂದ 'ಸಿಂಧ್ ಡಾಕ್'. ಇದು ಏಷ್ಯಾ ಖಂಡದ ಪ್ರಥಮ ಅಂಚೆಚೀಟಿಯೂ ಹೌದು. ಇಡೀ ದೇಶಕ್ಕೆ ಅನ್ವಯಿಸುವ ಚೀಟಿಗಳು ೧೮೫೪ರ ಅಕ್ಟೋಬರ್ ತಿಂಗಳಲ್ಲಿ ಬಂದವು. ಇವುಗಳ ಜೊತೆಗೆ ಜಾರಿಗೆ ಬಂದ ಏಕರೂಪದ ದರ ಪದ್ಧತಿಯಿಂದಾಗಿ ಪತ್ರದ ಬೆಲೆಯು ಅದು ಕ್ರಮಿಸುವ ದೂರವನ್ನು ಅವಲಂಬಿಸುವುದು ತಪ್ಪಿ, ಅದರ ತೂಕವನ್ನು ಮಾತ್ರ ಅವಲಂಬಿಸಿತು.

ಹಿನ್ನೆಲೆ

೧೭೭೪ರಲ್ಲಿ ವಾರನ್ ಹೇಸ್ಟಿಂಗ್ಸ್ ಕಂಪನಿಯ ಅಂಚೆಯನ್ನು ಸಾರ್ವಜನಿಕರ ಉಪಯೋಗಕ್ಕೆ ತೆರೆದನು. ಪ್ರತಿ ೧೦೦ ಮೈಲಿಗೆ ಎರಡಾಣೆ ದರವಿತ್ತು. ಈ ಹಣವನ್ನು ಮುಂಗಡವಾಗಿ ಪಾವತಿಸಲು ಎರಡಾಣೆ ಬೆಲೆಯ ತಾಮ್ರದ ಬಿಲ್ಲೆಗಳನ್ನು ಬಳಕೆಗೆ ತರಲಾಗಿತ್ತು. ಮುಂದೆ ೧೮೩೭ರ ಕಾಯಿದೆಯು ಕಂಪನಿಯ ಪ್ರದೇಶಗಳಲ್ಲಿ ಪತ್ರ ಸಾಗಣೆಯ ಹಕ್ಕನ್ನು ಸರ್ಕಾರಕ್ಕೇ ಮೀಸಲಿಟ್ಟಿತು. ಆದರೆ ದೂರ ಹೆಚ್ಚಿದಂತೆ ದರ ಹೆಚ್ಚುವ ಪದ್ಧತಿ ಹಾಗೆಯೇ ಉಳಿಯಿತು. ಒಂದು ತೊಲ ತೂಕದ ಪತ್ರವನ್ನು ಕಲ್ಕತ್ತೆಯಿಂದ ಆಗ್ರಾಕ್ಕೆ ಕಳುಹಿಸಲು ೧೨ ಆಣೆ, ಮುಂಬಯಿಗೆ ಕಳುಹಿಸಲು ಒಂದು ರೂಪಾಯಿ ತಗಲುತ್ತಿತ್ತು. ಸಾಮಾನ್ಯ ಜನರಿಗೆ ಇದು ಕೈಗೆಟುಕದ ಮೊತ್ತವಾಗಿತ್ತು.

ಇಂಗ್ಲೆಂಡಿನಲ್ಲಿ ರೋಲೆಂಡ್ ಹಿಲ್ ಪ್ರತಿಪಾದಿಸಿದ ಸುಧಾರಣೆಗಳ ಫಲವಾಗಿ ೧೮೪೦ರ ಮೇ ತಿಂಗಳಲ್ಲಿ ಜಗತ್ತಿನ ಪ್ರಥಮ ಅಂಚೆಚೀಟಿ 'ಪೆನ್ನಿ ಬ್ಲ್ಯಾಕ್' ಬಳಕೆಗೆ ಬಂದಿತು. ಅದೇ ಮಾದರಿಯ ಸಾಧ್ಯತೆಯನ್ನು ಭಾರತದಲ್ಲಿ ಪರಿಶೀಲಿಸಲು ೧೮೫೦ರಲ್ಲಿ ಕೋರ್ಟ್ನಿ, ಫೋರ್ಬ್ಸ್ ಮತ್ತು ಬೀಡನ್ ಎಂಬ ಮೂವರು ಸದಸ್ಯರ ಆಯೋಗವನ್ನು ನೇಮಿಸಲಾಯಿತು. ದೇಶಾದ್ಯಂತ ಕಡಿಮೆ ಬೆಲೆಯ ಏಕರೂಪ ದರವಿರಬೇಕೆಂದು ಆಯೋಗವು ಶಿಫಾರಸು ಮಾಡಿತು.

ಸಿಂಧ್ ಡಾಕ್

ಆಯೋಗದ ಶಿಫಾರಸು ಕಾಯಿದೆಯಾಗುವ ಮೊದಲೇ ಸಿಂಧ್ ಪ್ರಾಂತದ ಕಮಿಷನರ್ ಬಾರ್ಟಲ್ ಫ್ರೀಯರ್ ತನ್ನ ಪ್ರಾಂತದಲ್ಲಿ ಚೀಟಿ ಪದ್ಧತಿಯನ್ನು ಆರಂಭಿಸಿದನು. ಕಾಲ್ನಡಿಗೆಯ ಓಟಗಾರರ ಬದಲು ಕುದುರೆ ಹಾಗೂ ಒಂಟೆಗಳ ಮೂಲಕ ಟಪಾಲು ಸಾಗಿಸುವ ವ್ಯವಸ್ಥೆಯನ್ನೂ ಆತ ಮಾಡಿದ್ದನು.

ಸಿಂಧ್ ಡಾಕ್ ಚೀಟಿಯ ಆಕಾರ ವೃತ್ತ, ಬೆಲೆ ಅರ್ಧ ಆಣೆ. ನಡುವೆ ಕಂಪನಿಯ ವ್ಯಾಪಾರ ಮುದ್ರೆ, ಅದರ ಸುತ್ತ ಸೊಂಟಪಟ್ಟಿಯ ಆಕಾರದ ಅಂಚಿನಲ್ಲಿ 'ಸಿಂಧ್ ಡಿಸ್ಟ್ರಿಕ್ಟ್ ಡಾಕ್' ಎಂಬ ಇಂಗ್ಲಿಷ್ ಬರಹ ಉಬ್ಬಚ್ಚಿನಲ್ಲಿದೆ. ಇದರಲ್ಲಿ ಮೂರು ಬಗೆಗಳಿವೆ.

* ಕೆಂಪು: ಅರಗಿನ ತೆಳುಬಿಲ್ಲೆಯ ಮೇಲೆ ಒತ್ತಿದ್ದು. ಅರಗು ಬೇಗ ಬಿರಿದು ಪುಡಿಯಾಗುತ್ತಿದ್ದುದರಿಂದ ಈ ಬಗೆಯು ದೀರ್ಘಕಾಲ ಬಳಕೆಯಲ್ಲಿ ಉಳಿಯಲಿಲ್ಲ. ಇಂದು ಮೂರರಲ್ಲಿ ಅತ್ಯಂತ ವಿರಳವಾದುದು ಇದೇ.
* ಬಿಳಿ: ಬಿಳಿ ಕಾಗದದ ಮೇಲೆ ಬಣ್ಣವಿಲ್ಲದೆ ಒತ್ತಿದ್ದು. ಮಂದ ಬೆಳಕಿನಲ್ಲಿ ಇದನ್ನು ಗುರುತಿಸುವುದು ಕಷ್ಟವಾಗುತ್ತಿತ್ತೆಂದು ಹೇಳಲಾಗುತ್ತದೆ.
* ನೀಲಿ: ಬಿಳಿ ಕಾಗದದ ಮೇಲೆ ನೀಲಿ ಬಣ್ಣದಲ್ಲಿ ಒತ್ತಿದ್ದು.

ಇಡೀ ದೇಶದ ಚೀಟಿಗಳು ಬಂದ ಕೂಡಲೇ, ೧೮೫೪ರ ಅಕ್ಟೋಬರಿನಲ್ಲಿ, ಸಿಂಧ್ ಡಾಕ್ ಚೀಟಿಗಳನ್ನು ಹಿಂತೆಗೆದುಕೊಳ್ಳಲಾಯಿತು.

೧೮೫೪ರ ಕಾಯಿದೆ

೧೮೫೪ರ ೧೭ನೆಯ ಕಾಯಿದೆಯು ಆ ವರ್ಷದ ಅಕ್ಟೋಬರ್ ೧ರಂದು ಜಾರಿಗೆ ಬಂದಿತು. ಕಾಲು ತೊಲದವರೆಗಿನ (ಸುಮಾರು ೨.೯ ಗ್ರಾಂ) ಪತ್ರಕ್ಕೆ ಅರ್ಧ ಆಣೆ, ಅರ್ಧ ತೊಲದವರೆಗೆ ಒಂದಾಣೆ, ಒಂದು ತೊಲದವರೆಗೆ ಎರಡಾಣೆ ಎಂದು ದರ ನಿಗದಿಯಾಯಿತು. ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ರದ್ದಾಯಿತು. ಹಿಂದೆ ಕಲ್ಕತ್ತೆಯಿಂದ ಮುಂಬಯಿಗೆ ೧೬ ಆಣೆ ತಗಲುತ್ತಿದ್ದ ಒಂದು ತೊಲದ ಪತ್ರವು ಈಗ ಎರಡಾಣೆಗೆ, ಅಂದರೆ ಎಂಟನೆಯ ಒಂದು ಭಾಗದ ಬೆಲೆಗೆ, ತಲಪುವಂತಾಯಿತು. ಒಂದೇ ಹಾಳೆಯ ಹಗುರವಾದ ಪತ್ರ ಬರೆಯುವವನಿಗೆ ಅರ್ಧ ಆಣೆಯೇ ಸಾಕಾಯಿತು.

ಚೀಟಿ ಹಚ್ಚದ ಪತ್ರವನ್ನು ಪಡೆಯುವವರಿಂದ ಎರಡರಷ್ಟು ದರ ವಸೂಲು ಮಾಡುವ ನಿಯಮವೂ ಇದರಲ್ಲಿತ್ತು. ಹೀಗಾಗಿ ಕಳುಹಿಸುವವನೇ ಮುಂಗಡವಾಗಿ ಹಣ ತೆರುವ ರೂಢಿ ಬೆಳೆಯಿತು. ಅಧಿಕಾರಿಗಳು ಶುಲ್ಕವಿಲ್ಲದೆ ಪತ್ರ ಕಳುಹಿಸುವ ವಿಶೇಷ ಸವಲತ್ತು ಕೊನೆಗೊಂಡಿತು. ಅಂಚೆ ಇಲಾಖೆಯು ಮಹಾನಿರ್ದೇಶಕರ ಅಧೀನಕ್ಕೆ ಬಂದಿತು. ಆಗ ದೇಶದಲ್ಲಿ ೭೦೧ ಅಂಚೆ ಕಚೇರಿಗಳಿದ್ದವು.

ಕಲ್ಕತ್ತೆಯಲ್ಲಿ ಮುದ್ರಣ

ಚೀಟಿಗಳನ್ನು ಭಾರತದಲ್ಲಿಯೇ ಮುದ್ರಿಸಲು ಸರ್ಕಾರ ನಿರ್ಧರಿಸಿತು. ಕಲ್ಕತ್ತೆಯ ಟಂಕಸಾಲೆಯ ಕರ್ನಲ್ ಫೋರ್ಬ್ಸ್ ಸಿಂಹ ಮತ್ತು ತಾಳೆಮರದ ಚಿತ್ರವಿದ್ದ ಮಾದರಿಯೊಂದನ್ನು ಸಿದ್ಧಪಡಿಸಿದನು. ಆದರೆ ಅಗತ್ಯವಿದ್ದಷ್ಟು ಸಂಖ್ಯೆಯಲ್ಲಿ ಅದನ್ನು ಮುದ್ರಿಸಿಕೊಡಲು ಟಂಕಸಾಲೆಗೆ ಸಾಧ್ಯವಾಗಲಿಲ್ಲ. ಆಗ ಸರ್ವೇ ಇಲಾಖೆಯ ಕ್ಯಾಪ್ಟನ್ ಹೆನ್ರಿ ತುಲಿಯರ್‌ಗೆ ಈ ಕಾರ್ಯವನ್ನು ವಹಿಸಲಾಯಿತು. ಭೂಪಟಗಳನ್ನು ಮುದ್ರಿಸಲು ಬಳಸುತ್ತಿದ್ದ ಕಲ್ಲಚ್ಚಿನ ವಿಧಾನವನ್ನೇ ಆತ ಚೀಟಿಗಳಿಗೂ ಅನ್ವಯಿಸಿದನು.

ಮೊದಲ ಪ್ರಯತ್ನ ಫಲಿಸಲಿಲ್ಲ. ಅರ್ಧ ಆಣೆಯ ಚೀಟಿಯನ್ನು ಇಂಗ್ಲೆಂಡಿನಿಂದ ತರಿಸಿದ ಇಂಗಲೀಕದ ಕೆಂಪು ಬಣ್ಣದಲ್ಲಿ ಮುದ್ರಿಸತೊಡಗಿದಾಗ ಆ ಬಣ್ಣದ ದಾಸ್ತಾನು ಮುಗಿಯಿತು. ಇಲ್ಲಿಯೇ ದೊರೆತ ಇಂಗಲೀಕವನ್ನು ಬಳಸಿದಾಗ ಮುದ್ರಣದ ಕಲ್ಲುಗಳೇ ಕೆಟ್ಟವು. ಆದ್ದರಿಂದ ಅರ್ಧ ಆಣೆಯ ಚೀಟಿಗೆ ನೀಲಿ ಬಣ್ಣವನ್ನು ಆರಿಸಿಕೊಳ್ಳಲಾಯಿತು. ಕೈಬಿಟ್ಟ ಕೆಂಪು ಚೀಟಿಯನ್ನು ಸಂಗ್ರಾಹಕರು 'ಒಂಬತ್ತೂವರೆ ಕಮಾನು' ಎಂದು ಕರೆಯುತ್ತಾರೆ. ಅದರ ಪಕ್ಕದ ಅಂಚಿನ ಅಲಂಕಾರದಲ್ಲಿ ಒಂಬತ್ತೂವರೆ ಕಮಾನುಗಳಿರುವುದೇ ಇದಕ್ಕೆ ಕಾರಣ. ನೀಲಿ ಚೀಟಿಯಲ್ಲಿ ಕಮಾನುಗಳು ಎಂಟು.

೧೮೫೪ರ ಅಕ್ಟೋಬರಿನಲ್ಲಿ ಹೊರಬಂದ ಚೀಟಿಗಳು ನಾಲ್ಕು.

* ಅರ್ಧ ಆಣೆ: ನೀಲಿ, ಕಲ್ಲಚ್ಚು
* ಒಂದಾಣೆ: ಕೆಂಪು, ಕಲ್ಲಚ್ಚು
* ಎರಡಾಣೆ: ಹಸಿರು, ಟಂಕಸಾಲೆಯಲ್ಲಿ ಉಬ್ಬು ಅಚ್ಚಿನಿಂದ ಮುದ್ರಿತ
* ನಾಲ್ಕಾಣೆ: ಕೆಂಪು ಚೌಕಟ್ಟು ಹಾಗೂ ನೀಲಿ ತಲೆ, ಕಲ್ಲಚ್ಚು

ನಾಲ್ಕರಲ್ಲಿಯೂ ವಿಕ್ಟೋರಿಯಾ ರಾಣಿಯ ಪಾರ್ಶ್ವಮುಖವಿದೆ. ಚೀಟಿಗಳ ನಡುವೆ ರಂಧ್ರಗಳ ಸಾಲು ಇರಲಿಲ್ಲವಾದ್ದರಿಂದ ಕತ್ತರಿಯಿಂದ ಬಿಡಿಸಿಕೊಳ್ಳಬೇಕಿತ್ತು. ಹಿಂಬದಿಗೆ ಗೋಂದು ಸಹ ಇರಲಿಲ್ಲ. ಕಳುಹಿಸುವವರೇ ಅಂಟು ಹಚ್ಚಿಕೊಳ್ಳುತ್ತಿದ್ದರು.

ತಲೆಕೆಳಗಾದ ತಲೆ

ನಾಲ್ಕಾಣೆಯ ಚೀಟಿಯು ಒಂದಕ್ಕಿಂತ ಹೆಚ್ಚು ಬಣ್ಣಗಳಲ್ಲಿ ಮುದ್ರಿತವಾದ ಜಗತ್ತಿನ ಆರಂಭಿಕ ಚೀಟಿಗಳಲ್ಲಿ ಒಂದು. ಇದಕ್ಕಿಂತ ಮೊದಲು ೧೮೪೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ 'ಪಾರಿವಾಳ' ಚೀಟಿಯು ಮೂರು ಬಣ್ಣಗಳಲ್ಲಿ ಬಂದಿತ್ತು. ನಾಲ್ಕಾಣೆಯ ಹಾಳೆಯನ್ನು ಎರಡು ಬಾರಿ, ಚೌಕಟ್ಟಿಗೊಮ್ಮೆ ಮತ್ತು ತಲೆಗೊಮ್ಮೆ, ಕಲ್ಲಿನ ಮೇಲೆ ಇಟ್ಟು ಮುದ್ರಿಸಬೇಕಾಗಿತ್ತು. ಎರಡನೆಯ ಬಾರಿ ಹಾಳೆ ತಿರುವುಮುರುವಾದರೆ ಚೌಕಟ್ಟಿಗೆ ಹೋಲಿಸಿದಾಗ ರಾಣಿಯ ತಲೆ ಕೆಳಮುಖವಾಗಿ ಕಾಣುತ್ತಿತ್ತು. ಆರಂಭದ ಹಾಳೆಗಳಲ್ಲಿ ೧೨ ಚೀಟಿಗಳಿದ್ದುದರಿಂದ ಒಂದು ಹಾಳೆ ತಪ್ಪಿದರೆ ಹನ್ನೆರಡೂ ತಪ್ಪಾಗುತ್ತಿದ್ದವು.

ಇಂತಹ ಕೆಲವೇ ಪ್ರತಿಗಳು ಉಳಿದುಬಂದಿದ್ದು, ಅವು ಜಗತ್ತಿನ ಪ್ರಸಿದ್ಧ ಮುದ್ರಣದೋಷಗಳ ಸಾಲಿಗೆ ಸೇರಿವೆ. ಚೀಟಿಯ ಚೌಕಟ್ಟು ಎಂಟು ಕೋನಗಳದ್ದಾಗಿರುವುದರಿಂದ ಅಂದಿನ ಜನರು ಅದರ ಅಂಚಿನಗುಂಟ ಕತ್ತರಿಸಿ ಅಂಟಿಸುತ್ತಿದ್ದರು. ಆದ್ದರಿಂದ ಚೌಕವಾಗಿ ಕತ್ತರಿಸಿದ ಪ್ರತಿಗಳು ಇನ್ನೂ ವಿರಳ.

ಕನ್ನಡ ಪ್ರದೇಶಗಳಲ್ಲಿ

ಅಂದು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ, ಕೆನರಾ ಹಾಗೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಜಿಲ್ಲೆಗಳು ಕಂಪನಿಯ ಆಡಳಿತದಲ್ಲಿದ್ದುದರಿಂದ ೧೮೫೪ರ ಕಾಯಿದೆ ಅಲ್ಲಿಗೆ ಅನ್ವಯಿಸಿತು. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಪ್ರತ್ಯೇಕ 'ಅಂಚೆ' ವ್ಯವಸ್ಥೆಯಿತ್ತು. ಬ್ರಿಟಿಷ್ ಕಮಿಷನರರ ಆಡಳಿತ ಕಾಲದಲ್ಲಿಯೂ ಮುಂದುವರಿದ ಈ ವ್ಯವಸ್ಥೆಯು ೧೮೮೯ರಲ್ಲಿ ಭಾರತ ಸರ್ಕಾರದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು.

ನಂತರದ ಬೆಳವಣಿಗೆ

೧೮೫೫ರಿಂದ ಭಾರತದ ಚೀಟಿಗಳ ಮುದ್ರಣವು ಲಂಡನ್ನಿನ ಡಿ ಲಾ ರೂ ಸಂಸ್ಥೆಗೆ ಹೋಯಿತು. ೧೯೨೦ರ ದಶಕದಲ್ಲಿ ನಾಸಿಕದ ಮುದ್ರಣಾಲಯವು ಈ ಕಾರ್ಯವನ್ನು ಕೈಗೆತ್ತಿಕೊಂಡ ಮೇಲೆ ಚೀಟಿಗಳು ಮತ್ತೆ ಭಾರತದಲ್ಲಿ ಮುದ್ರಿತವಾಗತೊಡಗಿದವು. ಸ್ವತಂತ್ರ ಭಾರತದ ಮೊದಲ ಚೀಟಿ ೧೯೪೭ರ ನವೆಂಬರ್ ೨೧ರಂದು ಪ್ರಕಟವಾಯಿತು. ಮೂರೂವರೆ ಆಣೆಯ ಆ ಚೀಟಿಯಲ್ಲಿ ರಾಣಿ ಅಥವಾ ರಾಜನ ತಲೆಯ ಬದಲು ರಾಷ್ಟ್ರಧ್ವಜ ಹಾಗೂ 'ಜೈ ಹಿಂದ್' ಎಂಬ ಬರಹವಿದ್ದವು.

ಇತರ ಕುತೂಹಲಕರ ಅಂಶಗಳು

* ೧೮೫೪ರ ಕಲ್ಲಚ್ಚಿನ ಚೀಟಿಗಳ ಕಾಗದದಲ್ಲಿ ಕಂಪನಿಯ ಲಾಂಛನವು ನೀರುಗುರುತಾಗಿ ಇಡೀ ಹಾಳೆಯನ್ನು ವ್ಯಾಪಿಸಿತ್ತು. ಬಿಡಿ ಚೀಟಿಯನ್ನು ಬೆಳಕಿಗೆ ಹಿಡಿದರೆ ಅದರ ಒಂದು ತುಣುಕು ಮಾತ್ರ ಕಾಣಬಹುದು, ಕೆಲವೊಮ್ಮೆ ಏನೂ ಕಾಣದಿರಬಹುದು.
* ಸಿಂಧ್ ಪ್ರದೇಶವು ೧೯೪೭ರಲ್ಲಿ ಪಾಕಿಸ್ತಾನಕ್ಕೆ ಸೇರಿತು. ಸಿಂಧ್ ಡಾಕ್ ಚೀಟಿಯ ಶತಮಾನದ ಸ್ಮರಣೆಗಾಗಿ ೧೯೫೨ರಲ್ಲಿ ಪಾಕಿಸ್ತಾನವು ಚೀಟಿಗಳನ್ನು ಹೊರತಂದಿತು.
* ೧೮೫೪ರ ಚೀಟಿಗಳಿಗೆ ನೂರು ವರ್ಷ ತುಂಬಿದಾಗ, ೧೯೫೪ರ ಅಕ್ಟೋಬರ್ ೧ರಂದು, ಭಾರತವು ನಾಲ್ಕು ಸ್ಮರಣಾರ್ಥ ಚೀಟಿಗಳನ್ನು ಪ್ರಕಟಿಸಿತು.