ಪ್ರವಾಸಿ ಮೋಟಾರ್‌ಸೈಕಲ್‌ನ ದೈನಂದಿನ ಬಳಕೆ ಮತ್ತು ನಿರ್ವಹಣೆ

ಪ್ರವಾಸಿ ಮೋಟಾರ್‌ಸೈಕಲ್ ಎಂಬುದು ದೂರ ಪ್ರಯಾಣವನ್ನು ಉದ್ದೇಶಿಸಿ ರೂಪಿಸಲಾದ ದ್ವಿಚಕ್ರ ವಾಹನವಾಗಿದೆ. ದೊಡ್ಡ ಇಂಧನ ತೊಟ್ಟಿ, ನೆಟ್ಟಗೆ ಕುಳಿತುಕೊಳ್ಳಲು ಅನುಕೂಲವಾದ ಆಸನ, ಗಾಳಿತಡೆ, ಸಾಮಾನು ಕಟ್ಟುವ ಚೌಕಟ್ಟು ಮತ್ತು ಹೆಚ್ಚು ಚಲನೆಯುಳ್ಳ ಸಸ್ಪೆನ್ಷನ್ ಇದರ ಮುಖ್ಯ ಲಕ್ಷಣಗಳು. ಭಾರತದಲ್ಲಿ ಇಂತಹ ವಾಹನಗಳನ್ನು ಕೊಂಡವರಲ್ಲಿ ಹೆಚ್ಚಿನವರು ಅವುಗಳನ್ನು ಪ್ರವಾಸಕ್ಕೆ ಮಾತ್ರ ಮೀಸಲಿಡದೆ ಕಚೇರಿ, ಪೇಟೆ, ಶಾಲೆ ಮುಂತಾದ ನಿತ್ಯದ ಓಡಾಟಕ್ಕೂ ಬಳಸುತ್ತಾರೆ. ಈ ಲೇಖನವು ಅಂತಹ ನಿತ್ಯಬಳಕೆಯನ್ನೂ ಮನೆಯಲ್ಲಿಯೇ ಮಾಡಬಹುದಾದ ನಿರ್ವಹಣೆಯನ್ನೂ ಕರಾವಳಿ ಕರ್ನಾಟಕದ, ವಿಶೇಷವಾಗಿ ಉಡುಪಿ ಜಿಲ್ಲೆಯ ನಂದಿಕೂರು ಪರಿಸರದ ಹಿನ್ನೆಲೆಯಲ್ಲಿ ವಿವರಿಸುತ್ತದೆ.

ಕರ್ನಾಟಕದಲ್ಲಿ ಇತಿಹಾಸ

ಕರ್ನಾಟಕದ ಮೋಟಾರ್‌ಸೈಕಲ್ ಪರಂಪರೆಯಲ್ಲಿ ಮೈಸೂರಿನ ಹೆಸರು ಮೊದಲು ಬರುತ್ತದೆ. 1960ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಸಂಸ್ಥೆಯು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಡಿ 250 ಸಿ.ಸಿ. ವರ್ಗದ ಮೋಟಾರ್‌ಸೈಕಲ್‌ಗಳನ್ನು ತಯಾರಿಸಿತು. 1970ರ ದಶಕದಿಂದ ಈ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಾಟವಾದವು. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ ಮಾದರಿಯು ದೂರ ಪ್ರಯಾಣಿಕರಲ್ಲಿ ಜನಪ್ರಿಯವಾಯಿತು. ಎರಡು ಹೊಡೆತದ ಎಂಜಿನ್, ಜೋಡಿ ಸೈಲೆನ್ಸರ್, ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಸನ್ನೆ, ಪೂರ್ತಿ ಮುಚ್ಚಿದ ಚೈನ್ ಕವಚ ಇವು ಅದರ ಗುರುತುಗಳಾಗಿದ್ದವು. ಕಾರ್ಖಾನೆಯು 1996ರಲ್ಲಿ ಮುಚ್ಚಿತು.

ಚೈನ್ ಕವಚವು ಕರಾವಳಿಯ ಮಟ್ಟಿಗೆ ಗಮನಾರ್ಹವಾದ ಅಂಶವಾಗಿದೆ. ಮಳೆನೀರು, ಮರಳು ಮತ್ತು ಕೆಂಪು ಮಣ್ಣು ಚೈನಿಗೆ ತಾಗದಂತೆ ಅದು ತಡೆಯುತ್ತಿತ್ತು. ಇಂದಿನ ಪ್ರವಾಸಿ ಮೋಟಾರ್‌ಸೈಕಲ್‌ಗಳಲ್ಲಿ ಚೈನ್ ಬಯಲಿನಲ್ಲಿಯೇ ಇರುವುದರಿಂದ ಆ ಕವಚ ಮಾಡುತ್ತಿದ್ದ ಕೆಲಸವನ್ನು ಈಗ ವಾಹನದ ಒಡೆಯನೇ ಮಾಡಬೇಕಾಗಿದೆ.

2016ರಲ್ಲಿ ಬಿಡುಗಡೆಯಾದ 411 ಸಿ.ಸಿ.ಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಈ ವರ್ಗದ ವಾಹನವನ್ನು ಮಧ್ಯಮವರ್ಗದ ಕೈಗೆ ಎಟುಕುವಂತೆ ಮಾಡಿತು. 2020ರಲ್ಲಿ ಕೆಟಿಎಂ 390 ಅಡ್ವೆಂಚರ್, 2022ರಲ್ಲಿ ಮರುಜೀವ ಪಡೆದ ಯೆಜ್ಡಿ ಹೆಸರಿನ ಅಡ್ವೆಂಚರ್ ಮಾದರಿ, 2023ರಲ್ಲಿ 452 ಸಿ.ಸಿ.ಯ ಹೊಸ ಹಿಮಾಲಯನ್ ಮಾರುಕಟ್ಟೆಗೆ ಬಂದವು.

ನಂದಿಕೂರು ಪರಿಸರ

ನಂದಿಕೂರು ಉಡುಪಿ ಜಿಲ್ಲೆಯ ಕಾಪು ತಾಲೂಕಿನಲ್ಲಿದೆ. ಪಡುಬಿದ್ರಿಯಿಂದ ಬೆಳ್ಮಣ್, ನಿಟ್ಟೆ ಮಾರ್ಗವಾಗಿ ಕಾರ್ಕಳಕ್ಕೆ ಹೋಗುವ ರಾಜ್ಯ ಹೆದ್ದಾರಿ ಈ ಊರಿನ ಮೂಲಕ ಹಾದುಹೋಗುತ್ತದೆ. ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದ ಪಡುಬಿದ್ರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಮತ್ತು ಅರಬ್ಬಿ ಸಮುದ್ರ ಸಿಗುತ್ತವೆ. ಪೂರ್ವಕ್ಕೆ ಕಾರ್ಕಳ ದಾಟಿದರೆ ಮಾಳ, ಕುದುರೆಮುಖದ ದಾರಿಯೂ ಹೆಬ್ರಿ, ಸೋಮೇಶ್ವರದ ಮೂಲಕ ಆಗುಂಬೆ ಘಾಟಿಯ ದಾರಿಯೂ ತೆರೆದುಕೊಳ್ಳುತ್ತವೆ. ಹೀಗಾಗಿ ಇಲ್ಲಿಯ ಸವಾರನಿಗೆ ಬೆಳಗ್ಗೆ ಕಡಲತೀರದ ಉಪ್ಪುಗಾಳಿ, ಮಧ್ಯಾಹ್ನ ಘಟ್ಟದ ತಿರುವು ಎರಡೂ ಒಂದೇ ದಿನದಲ್ಲಿ ಎದುರಾಗುವುದುಂಟು.

ವಾಹನದ ಆಯುಷ್ಯವನ್ನು ಇಲ್ಲಿ ಮುಖ್ಯವಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ. ಮೊದಲನೆಯದು ಉಪ್ಪು ಬೆರೆತ ತೇವದ ಗಾಳಿ. ಇದು ಕಬ್ಬಿಣಕ್ಕೆ ಬೇಗನೆ ತುಕ್ಕು ಹಿಡಿಸುತ್ತದೆ. ಅಲ್ಯುಮಿನಿಯಂ ಭಾಗಗಳ ಮೇಲೆ ಬಿಳಿಯ ಪುಡಿಯನ್ನು ಮೂಡಿಸುತ್ತದೆ. ಎರಡನೆಯದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಮಳೆ. ಉಡುಪಿ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ, ಆಗುಂಬೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮೂರನೆಯದು ಮುರಕಲ್ಲಿನ ನಾಡಿನ ಕೆಂಪು ಮಣ್ಣು. ಇದರ ನಯವಾದ ಕಣಗಳು ಎಣ್ಣೆಯೊಂದಿಗೆ ಸೇರಿ ಚೈನ್ ಮತ್ತು ಬ್ರೇಕ್‌ಗಳನ್ನು ಸವೆಸುತ್ತವೆ.

ದೈನಂದಿನ ಸವಾರಿ

ಪ್ರವಾಸಿ ಮೋಟಾರ್‌ಸೈಕಲ್‌ಗಳು ಸಾಮಾನ್ಯ ಬೈಕುಗಳಿಗಿಂತ ಭಾರವಾಗಿಯೂ ಎತ್ತರವಾಗಿಯೂ ಇರುತ್ತವೆ. ಹಿಮಾಲಯನ್ ಮಾದರಿಗಳ ತೂಕ 190 ಕಿಲೋಗ್ರಾಂಗಿಂತ ಹೆಚ್ಚು. ಈ ತೂಕವು ಹೆದ್ದಾರಿಯಲ್ಲಿ ಸ್ಥಿರತೆಯನ್ನು ಕೊಡುತ್ತದೆ. ಆದರೆ ಇಳಿಜಾರಿನ ಅಂಗಳದಲ್ಲಿ, ಪೇಟೆಯ ಇಕ್ಕಟ್ಟಿನಲ್ಲಿ, ಕಾಲೂರುವಲ್ಲಿ ಜಲ್ಲಿಯಿದ್ದಾಗ ಅದೇ ತೂಕ ತೊಡಕಾಗುತ್ತದೆ. ನಿಂತ ವಾಹನ ವಾಲಿ ಬೀಳುವ ಪ್ರಸಂಗಗಳು ಹೆಚ್ಚಾಗಿ ಇಂತಹ ಜಾಗಗಳಲ್ಲಿ ಸಂಭವಿಸುತ್ತವೆ. ವಾಹನವನ್ನು ನಿಲ್ಲಿಸುವಾಗ ಮುಂದೆ ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸುವುದು ಇದಕ್ಕೆ ಸರಳ ಪರಿಹಾರ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ದೂರವನ್ನು ಕ್ರಮಿಸುತ್ತದೆ. ಅಪಾಯವನ್ನು ಕಂಡು ಬ್ರೇಕ್ ಹಿಡಿಯಲು ಸವಾರನಿಗೆ ಒಂದು ಸೆಕೆಂಡ್ ಬೇಕಾದರೆ ಅಷ್ಟು ದೂರ ಬ್ರೇಕ್ ಇಲ್ಲದೆಯೇ ಕಳೆದುಹೋಗಿರುತ್ತದೆ. ಆದ್ದರಿಂದ ಮುಂದಿನ ವಾಹನದಿಂದ ಕನಿಷ್ಠ ಎರಡು ಸೆಕೆಂಡಿನ ಅಂತರವನ್ನೂ ಮಳೆಯಲ್ಲಿ ಅದರ ಇಮ್ಮಡಿಯನ್ನೂ ಕಾಯ್ದುಕೊಳ್ಳಬೇಕೆಂಬುದು ರೂಢಿಯ ನಿಯಮ. ಮೊದಲ ಮಳೆಯ ದಿನಗಳಲ್ಲಿ ರಸ್ತೆಯ ಮೇಲಿನ ಎಣ್ಣೆ ಮತ್ತು ಧೂಳು ನೀರಿನೊಂದಿಗೆ ಬೆರೆತು ಜಾರಿಕೆ ಹೆಚ್ಚುತ್ತದೆ. ಮಳೆಗಾಲ ಬಲಿತಂತೆ ಒಳರಸ್ತೆಗಳ ಅಂಚಿನಲ್ಲಿ ಪಾಚಿ ಬೆಳೆಯುತ್ತದೆ. ರಸ್ತೆಯ ಬಿಳಿಗೆರೆ, ಸೇತುವೆಯ ಕಬ್ಬಿಣದ ಪಟ್ಟಿ, ರೈಲು ಹಳಿ ಇವುಗಳ ಮೇಲೆ ಬ್ರೇಕ್ ಹಿಡಿಯದೆ, ವಾಹನವನ್ನು ವಾಲಿಸದೆ ನೇರವಾಗಿ ದಾಟಬೇಕು.

ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಘಾಟಿ ಇಳಿಯುವಾಗ ಬ್ರೇಕನ್ನು ನಿರಂತರವಾಗಿ ಹಿಡಿದಿಟ್ಟರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತಲು ಬಳಸುವ ಗೇರಿನಲ್ಲಿಯೇ ಇಳಿಯುವುದು, ಎಂಜಿನ್ನಿನ ತಡೆಯನ್ನು ಬಳಸಿಕೊಳ್ಳುವುದು, ತಿರುವಿಗೆ ಮೊದಲೇ ವೇಗ ತಗ್ಗಿಸುವುದು ಸರಿಯಾದ ಕ್ರಮ. ಇಂಧನ ಉಳಿಸಲೆಂದು ಎಂಜಿನ್ ನಿಲ್ಲಿಸಿ ಅಥವಾ ನ್ಯೂಟ್ರಲ್‌ನಲ್ಲಿ ಇಳಿಯುವುದು ಅತ್ಯಂತ ಅಪಾಯಕಾರಿ.

ಮನೆಯಲ್ಲಿ ನಿರ್ವಹಣೆ

ಸವಾರಿಗೆ ಮೊದಲಿನ ಪರೀಕ್ಷೆ

ಇದಕ್ಕೆ ಎರಡು ನಿಮಿಷ ಸಾಕು. ಟೈರಿನ ಗಾಳಿ, ಎರಡೂ ಬ್ರೇಕ್, ಮುಂದೀಪ, ಬ್ರೇಕ್ ದೀಪ, ಇಂಡಿಕೇಟರ್, ಹಾರ್ನ್, ಚೈನಿನ ಸಡಿಲ ಮತ್ತು ನೆಲದ ಮೇಲೆ ಬಿದ್ದ ಎಣ್ಣೆಯ ಕಲೆ ಇಷ್ಟನ್ನು ನೋಡಬೇಕು. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ಹೊಸ ಕಲೆ ಕಂಡರೆ ಅದರ ಮೂಲವನ್ನು ಹುಡುಕದೆ ಹೊರಡಬಾರದು.

ಚೈನ್

ಬಯಲು ಚೈನನ್ನು ಸುಮಾರು 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಅದಕ್ಕಿಂತ ಬೇಗ ಶುಚಿಮಾಡಿ ಎಣ್ಣೆ ಹಚ್ಚಬೇಕು. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್‌ನಲ್ಲಿ ಅದ್ದಿದ ಮೃದುವಾದ ಬ್ರಷ್ಷಿನಿಂದ ಮಣ್ಣನ್ನು ತೆಗೆದು, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಚೈನ್ ಲ್ಯೂಬ್ ಅಥವಾ ಎಸ್‌ಎಇ 90 ಗೇರ್ ಎಣ್ಣೆಯನ್ನು ಒಳಬದಿಗೆ ತೆಳುವಾಗಿ ಹಚ್ಚಲಾಗುತ್ತದೆ. ಇಂದಿನ ಚೈನುಗಳ ಕೊಂಡಿಗಳ ನಡುವೆ ರಬ್ಬರಿನ ಉಂಗುರಗಳಿರುತ್ತವೆ. ಪೆಟ್ರೋಲ್ ಮತ್ತು ತಂತಿಯ ಬ್ರಷ್ ಅವುಗಳನ್ನು ಹಾಳುಮಾಡುತ್ತವೆ.

ಚೈನ್ ಶುಚಿಮಾಡುವಾಗ ಎಂಜಿನ್ ಚಾಲೂ ಮಾಡಿ ಗೇರಿನಲ್ಲಿಟ್ಟು ಚಕ್ರವನ್ನು ತಿರುಗಿಸುವ ಅಭ್ಯಾಸ ಅಲ್ಲಲ್ಲಿ ಕಂಡುಬರುತ್ತದೆ. ಬಟ್ಟೆಯೊಂದಿಗೆ ಬೆರಳು ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಸಿಲುಕಿದರೆ ಬೆರಳೇ ತುಂಡಾಗುತ್ತದೆ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ನ್ಯೂಟ್ರಲ್‌ನಲ್ಲಿ ಕೈಯಿಂದಲೇ ಚಕ್ರ ತಿರುಗಿಸಬೇಕು.

ಚೈನಿನ ಸಡಿಲವನ್ನು ಕೆಳಭಾಗದ ನಡುವೆ ಅಳೆಯಬೇಕು. ಇದು ಸಾಮಾನ್ಯವಾಗಿ 25ರಿಂದ 35 ಮಿ.ಮೀ. ಇರುತ್ತದೆ, ಸಸ್ಪೆನ್ಷನ್ ಹೆಚ್ಚು ಚಲಿಸುವ ಮಾದರಿಗಳಲ್ಲಿ ಇನ್ನೂ ಹೆಚ್ಚಿರುವುದರಿಂದ ವಾಹನದ ಕೈಪಿಡಿಯ ಅಳತೆಯೇ ಪ್ರಮಾಣ. ಅತಿ ಬಿಗಿಯಾದ ಚೈನ್ ಸಡಿಲ ಚೈನಿಗಿಂತ ಹೆಚ್ಚು ಹಾನಿ ಮಾಡಬಲ್ಲದು. ಇಬ್ಬರು ಕುಳಿತಾಗ ಅದು ಇನ್ನೂ ಬಿಗಿದು ಗೇರ್‌ಬಾಕ್ಸಿನ ಬೇರಿಂಗನ್ನು ಸವೆಸುತ್ತದೆ. ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಎಳೆದಾಗ ಹಲ್ಲಿನ ಅರ್ಧಭಾಗ ಕಂಡರೆ ಚೈನ್ ಸವೆದಿದೆಯೆಂದು ತಿಳಿಯಬೇಕು. ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಿಸಬೇಕಾಗುತ್ತದೆ.

ಬ್ರೇಕ್

ಡಿಸ್ಕ್ ಬ್ರೇಕಿನ ದ್ರವವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ತೇವ ಸೇರಿದ ದ್ರವಕ್ಕೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದು ಆವಿಯ ಗುಳ್ಳೆಗಳಾದರೆ ಲಿವರ್ ಪೂರ್ತಿ ಒಳಗೆ ಹೋದರೂ ಬ್ರೇಕ್ ಹಿಡಿಯುವುದಿಲ್ಲ. ಬಯಲು ದಾರಿಯಲ್ಲಿ ವರ್ಷಗಟ್ಟಲೆ ಸರಿಯಾಗಿದ್ದಂತೆ ತೋರಿದ ಬ್ರೇಕ್ ಘಾಟಿಯ ಇಳಿಜಾರಿನಲ್ಲಿ ಒಮ್ಮೆಲೇ ಕೈಕೊಡುವುದಕ್ಕೆ ಇದು ಒಂದು ಕಾರಣ. ಆದುದರಿಂದ ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ತೇವ ಹೆಚ್ಚಿರುವ ಕರಾವಳಿಯಲ್ಲಿ ಈ ಅವಧಿಯನ್ನು ಮೀರಬಾರದು. ಜೇನಿನಂತಿದ್ದ ಬಣ್ಣ ಕಂದು ಬಣ್ಣಕ್ಕೆ ತಿರುಗಿದ್ದರೆ ಅವಧಿಗೆ ಕಾಯಬೇಕಾಗಿಲ್ಲ.

ಪ್ಯಾಡ್‌ಗಳ ಮೇಲಿನ ಗೀರು ಮಾಸಿದರೆ ಅವುಗಳನ್ನು ಬದಲಿಸಬೇಕು. ಡಿಸ್ಕಿಗೆ ಎಣ್ಣೆ ಅಥವಾ ಚೈನ್ ಸ್ಪ್ರೇ ತಾಗಬಾರದು. ಕೆಲಸ ಮುಗಿದ ಮೇಲೆ ಹೊರಡುವ ಮೊದಲು ಲಿವರನ್ನು ಹಲವು ಬಾರಿ ಒತ್ತಿ ಹಿಡಿತ ಬಂದಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಟೈರ್ ಮತ್ತು ಚಕ್ರ

ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗ, ವಾರಕ್ಕೊಮ್ಮೆ ನೋಡಬೇಕು. ಒಬ್ಬರಿಗೂ ಇಬ್ಬರಿಗೂ ಬೇರೆ ಬೇರೆ ಒತ್ತಡವನ್ನು ಕೈಪಿಡಿ ಸೂಚಿಸುತ್ತದೆ. ಟೈರಿನ ಗಾಡಿಗಳ ನಡುವಿನ ಉಬ್ಬು ಗುರುತಿನ ಮಟ್ಟಕ್ಕೆ ಸವೆದ ಟೈರನ್ನು ಮಳೆಗಾಲಕ್ಕೆ ಉಳಿಸಿಕೊಳ್ಳಬಾರದು. ಕಡ್ಡಿ ಚಕ್ರಗಳಲ್ಲಿ ಪ್ರತಿಯೊಂದು ಕಡ್ಡಿಯನ್ನೂ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ ಬಿಗಿಯಾದ ಕಡ್ಡಿ ಗಂಟೆಯಂತೆ ನಾದಗೈಯುತ್ತದೆ. ಸಡಿಲವಾದುದು ಮಂದವಾಗಿ ಸದ್ದುಮಾಡುತ್ತದೆ.

ಎಂಜಿನ್ ಎಣ್ಣೆ

ಎಣ್ಣೆಯ ಮಟ್ಟವನ್ನು ವಾಹನವನ್ನು ನೆಟ್ಟಗೆ ನಿಲ್ಲಿಸಿ ನೋಡಬೇಕು. ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿರುವಾಗ ಕಾಣುವ ಮಟ್ಟ ತಪ್ಪಾಗಿರುತ್ತದೆ. ಹೆಚ್ಚಿನ ಮೋಟಾರ್‌ಸೈಕಲ್‌ಗಳಲ್ಲಿ ಕ್ಲಚ್ ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಘರ್ಷಣೆ ತಗ್ಗಿಸುವ ರಾಸಾಯನಿಕಗಳುಳ್ಳ ಕಾರಿನ ಎಣ್ಣೆಯನ್ನು ಹಾಕಿದರೆ ಕ್ಲಚ್ ಜಾರಬಹುದು. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಗುರುತನ್ನು ನೋಡಿ ಕೊಳ್ಳಬೇಕು. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆಯೆಂದು ಅರ್ಥ. ಬದಲಿಸಿ ತೆಗೆದ ಹಳೆಯ ಎಣ್ಣೆಯನ್ನು ತೋಡಿಗೆ ಅಥವಾ ಬಾವಿಯ ಸಮೀಪದ ಮಣ್ಣಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡುವುದು ಉಚಿತ.

ಬ್ಯಾಟರಿ ಮತ್ತು ಇಂಧನ

ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಬೇಕು. ಬಿಚ್ಚುವಾಗ ಮೊದಲು ಋಣ ತಂತಿಯನ್ನೂ ಜೋಡಿಸುವಾಗ ಕೊನೆಗೆ ಅದನ್ನೂ ಮುಟ್ಟಬೇಕು. ತುದಿಗಳಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಉಪ್ಪುಗಾಳಿಯ ಹಸಿರು ಕಿಲುಬು ತಡೆಯಲ್ಪಡುತ್ತದೆ. ಇಂದಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಬಹುಕಾಲ ನಿಲ್ಲಿಸಿಡುವ ವಾಹನದ ತೊಟ್ಟಿಯನ್ನು ಅರೆಬರೆ ಬಿಡದೆ ತುಂಬಿಸಿಡುವುದರಿಂದ ಒಳಗಿನ ತೇವದ ಗಾಳಿಯೂ ತುಕ್ಕೂ ಕಡಿಮೆಯಾಗುತ್ತವೆ.

ತೊಳೆಯುವ ಕ್ರಮ

ಕಡಲತೀರಕ್ಕೆ ಹೋಗಿ ಬಂದ ದಿನವೇ ಸಿಹಿನೀರಿನಿಂದ ವಾಹನವನ್ನು ತೊಳೆಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಹೆಚ್ಚು ಒತ್ತಡದ ನೀರನ್ನು ಚಕ್ರದ ಬೇರಿಂಗ್, ಹ್ಯಾಂಡಲ್‌ನ ಬುಡ ಹಾಗೂ ಸ್ವಿಚ್ಚುಗಳಿಗೆ ನೇರವಾಗಿ ಬಿಟ್ಟರೆ ಗ್ರೀಸ್ ಹೊರಟುಹೋಗಿ ನೀರು ಒಳಸೇರುತ್ತದೆ. ಒದ್ದೆ ವಾಹನದ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಅದರೊಳಗೇ ಉಳಿದು ತುಕ್ಕು ಹೆಚ್ಚುತ್ತದೆ. ಗಾಳಿಯಾಡುವ ಮಾಡಿನ ಕೆಳಗೆ ನಿಲ್ಲಿಸುವುದೇ ಮೇಲು. ಮಳೆಗಾಲದಲ್ಲಿ ಇಲಿಗಳು ಆಸನದ ಕೆಳಗೆ ಸೇರಿಕೊಂಡು ತಂತಿಗಳನ್ನು ಕಡಿಯುವುದುಂಟಾದ್ದರಿಂದ ಆಸನವನ್ನು ಆಗಾಗ ತೆಗೆದು ನೋಡಬೇಕು.

ವಾರ್ಷಿಕ ಕ್ರಮ

ತುಳುನಾಡಿನಲ್ಲಿ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯು ಮಳೆಗಾಲದ ಮುನ್ಸೂಚನೆಯ ದಿನವಾಗಿದೆ. ಟೈರ್, ಬ್ರೇಕ್ ಪ್ಯಾಡ್, ದೀಪ, ಬ್ಯಾಟರಿಗಳ ಪರೀಕ್ಷೆಯನ್ನು ಈ ಹೊತ್ತಿಗೆ ಮುಗಿಸುವುದು ಅನುಕೂಲಕರ. ಮಳೆ ಹಿಂದೆಗೆದ ಮೇಲೆ ಬರುವ ಆಯುಧಪೂಜೆಗೆ ವಾಹನಗಳನ್ನು ತೊಳೆದು ಪೂಜಿಸುವ ವಾಡಿಕೆಯಿದೆ. ಏರ್ ಫಿಲ್ಟರ್, ಕೇಬಲ್‌ಗಳು, ಹಿಂಚಕ್ರದ ತೋಳಿನ ಕೀಲು ಮತ್ತು ಚೌಕಟ್ಟಿನ ಅಡಿಭಾಗದ ತುಕ್ಕನ್ನು ನೋಡಲು ಇದು ತಕ್ಕ ಸಮಯ.

ಮನೆಯಲ್ಲಿ ಮಾಡಬಾರದ ಕೆಲಸಗಳು

ಎಬಿಎಸ್ ಘಟಕದ ದುರಸ್ತಿ, ಇಂಧನ ಇಂಜೆಕ್ಷನ್‌ನ ಹೊಂದಾಣಿಕೆ, ಮುಂಫೋರ್ಕಿನ ಒಳಕೆಲಸ, ಸೊಟ್ಟಗಾದ ರಿಮ್ಮನ್ನು ನೇರಗೊಳಿಸುವುದು ಇವುಗಳಿಗೆ ವಿಶೇಷ ಸಲಕರಣೆ ಮತ್ತು ತರಬೇತಿ ಬೇಕು. ನೀರಿನಿಂದ ತಂಪಾಗುವ ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಚಕ್ರದ ಅಚ್ಚಿನ ನಟ್ಟನ್ನು ಬಿಚ್ಚಿದ ಮೇಲೆ ನಿಗದಿತ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಸಬೇಕು. ಅದು ಇಲ್ಲದಿದ್ದಲ್ಲಿ ಸಮೀಪದ ಗ್ಯಾರೇಜಿನಲ್ಲಿ ಪರಿಶೀಲಿಸಿಕೊಳ್ಳಬೇಕು.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮಿನಂತೆ ಸವಾರ ಮತ್ತು ಹಿಂಬದಿ ಸವಾರ ಇಬ್ಬರೂ ಹೆಲ್ಮೆಟ್ ಧರಿಸುವುದು ಕಡ್ಡಾಯ. ಹೆಲ್ಮೆಟ್ ಐಎಸ್ 4151 ಮಾನದಂಡಕ್ಕೆ ಅನುಗುಣವಾಗಿ ಐಎಸ್‌ಐ ಗುರುತು ಹೊಂದಿರಬೇಕು. ವಾಹನದ ಮೂಲರೂಪವನ್ನು ನೋಂದಣಿಗೆ ವಿರುದ್ಧವಾಗುವಂತೆ ಮಾರ್ಪಡಿಸುವುದನ್ನು 52ನೆಯ ಕಲಮು ನಿಷೇಧಿಸುತ್ತದೆ. ಖಾಸಗಿ ವಾಹನದ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು ಅನಂತರ ನವೀಕರಿಸಬೇಕಾಗುತ್ತದೆ. ಉಡುಪಿಯಲ್ಲಿ ನೋಂದಣಿಯಾಗುವ ವಾಹನಗಳ ಸಂಕೇತ ಕೆಎ-20.